ಹತ್ತು ವರ್ಷ ಬಾಳಬೇಕಾದ ಕಾರು ಯಾವ ಕಂಪನಿಯದಾಗಿರಬೇಕು?

ಪ್ರಶ್ನೆ: ಮಾನ್ಯರೇ, ಇನ್ನು ಕೆಲವೇ ತಿಂಗಳಲ್ಲಿ ಕಾರು ಕೊಳ್ಳಬೇಕೆಂದಿದ್ದೇನೆ. ಒಮ್ಮೆ ಕೊಂಡರೆ ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವನು ನಾನು. ವರ್ಷಕ್ಕೆ ಸುಮಾರು 15,000 ಕಿ.ಮೀ. ಓಡಾಟವಿದೆ, ಅದರಲ್ಲಿ ಹೆಚ್ಚಿನದು ನಗರದ ದಟ್ಟಣೆಯಲ್ಲಿ. ಆಟೊಮ್ಯಾಟಿಕ್ ಗೇರ್ ಬೇಕೇ ಬೇಕು. ಮೂರು ಕಾರುಗಳು ಮನಸ್ಸಿನಲ್ಲಿವೆ: ಜಪಾನಿನ ಕಂಪನಿಯೊಂದರ ಹೊಸ ಕಾರು (ಹೈಬ್ರಿಡ್ ಅಥವಾ ಸಾಮಾನ್ಯ ಪೆಟ್ರೋಲ್), ಕೊರಿಯಾದ ಕಂಪನಿಯೊಂದು ಈಚೆಗಷ್ಟೇ ಬಿಡುಗಡೆ ಮಾಡಿದ ಟರ್ಬೊ ಪೆಟ್ರೋಲ್ ಕಾರು, ಮತ್ತು ಹೆಚ್ಚುಕಡಿಮೆ ಅದೇ ಬೆಲೆಗೆ ಸಿಗುವ, ಮೂರು ವರ್ಷ ಓಡಿದ ಜರ್ಮನ್ ಕಾರು. ಜಪಾನಿನ ಕಾರಿನ ಬಾಗಿಲು ತೀರ ಹಗುರ, ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಬಾಗುತ್ತದೆ. ಜರ್ಮನ್ ಕಾರಿನ ಬಾಗಿಲಿನ ಸದ್ದೇ ಬೇರೆ. ‘ಜಪಾನಿನ ಎಂಜಿನ್ ಕೆಡುವುದೇ ಇಲ್ಲ’ ಎನ್ನುತ್ತಾರೆ ನನ್ನ ಬಾವ. ‘ಜೀವ ಮುಖ್ಯವಾದರೆ ಜರ್ಮನ್ ಕಾರೇ ಸರಿ’ ಎನ್ನುತ್ತಾರೆ ಸಹೋದ್ಯೋಗಿ. ಸಮೀಕ್ಷೆಗಳನ್ನು ನೋಡೋಣವೆಂದರೆ ಒಂದರಲ್ಲಿ ಮೇಲಿರುವ ಕಂಪನಿ ಇನ್ನೊಂದರಲ್ಲಿ ಕೆಳಗಿದೆ. ಯಾವುದನ್ನು ನಂಬಲಿ? ವಾರಂಟಿ ವಿಸ್ತರಣೆಗೆ ಹಣ ಕೊಡುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಪ್ರಶ್ನೆಯಂತೆ ಹೆಣೆದುಕೊಂಡಿವೆ. ಕಾರನ್ನು ಅಚ್ಚುಕಟ್ಟಾಗಿ ಕಟ್ಟಿದ್ದಾರೆಯೇ ಎಂಬುದು ಒಂದು. ಅಪಘಾತವಾದಾಗ ಒಳಗಿದ್ದವರನ್ನು ಅದು ಕಾಪಾಡೀತೇ ಎಂಬುದು ಇನ್ನೊಂದು. ಹತ್ತು ಹನ್ನೆರಡು ವರ್ಷ ದೊಡ್ಡ ಖರ್ಚಿಗೆ ದೂಡದೆ ಓಡೀತೇ ಎಂಬುದು ಮತ್ತೊಂದು. ಬಾಗಿಲಿನ ತೂಕ, ತಗಡಿನ ಬಿಗಿ, ಡ್ಯಾಶ್‌ಬೋರ್ಡಿನ ನುಣುಪು ಮೊದಲಾಗಿ ಷೋರೂಮಿನಲ್ಲಿ ಕೈಗೂ ಕಿವಿಗೂ ಸಿಗುವ ಸಾಕ್ಷ್ಯವೆಲ್ಲ ಮೊದಲನೆಯ ಪ್ರಶ್ನೆಗೆ ಸೇರಿದ್ದು. ಉಳಿದೆರಡಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಸರ್ವಿಸ್ ಕೇಂದ್ರಗಳಲ್ಲಿಯೂ, ಆಮೇಲೆ ವಾರಂಟಿಗೆ ಮರಳಿ ಬಂದ ಬಿಡಿಭಾಗಗಳನ್ನು ಬಿಚ್ಚಿ ಕೆಟ್ಟ ಕಾರಣವನ್ನು ಹುಡುಕುವ ವಿಭಾಗದಲ್ಲಿಯೂ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಈ ಮೂರನ್ನು ಒಂದೇ ಎಂದು ತಿಳಿದು ಕಾರು ಆರಿಸಿದವರಿಗೆ ನಾಲ್ಕೈದು ವರ್ಷಗಳ ಬಳಿಕ ಬರುವ ಬೇಸರ ಬಹಳ ದೊಡ್ಡದು.

ತಗಡಿನ ವಿಷಯವನ್ನು ಮೊದಲು ಮುಗಿಸೋಣ. ಇಂದಿನ ಬಹುತೇಕ ಕಾರುಗಳಲ್ಲಿ, ಅವು ಯಾವ ದೇಶದವೇ ಆಗಿರಲಿ, ಬಾಗಿಲು ಮತ್ತು ಬಾನೆಟ್ಟಿನ ಹೊರ ತಗಡು ಸುಮಾರು 0.65ರಿಂದ 0.8 ಮಿ.ಮೀ. ದಪ್ಪವಿರುತ್ತದೆ. ಬೆರಳಿಗೆ ಅದು ಬಾಗುವುದೂ ಬಾಗದಿರುವುದೂ ತಗಡಿನ ವಕ್ರತೆ, ಅದರ ಹಿಂದೆ ಅಂಟಿಸಿದ ಪಟ್ಟಿಗಳು, ಉಕ್ಕಿನ ಗಡಸುತನ ಇವುಗಳನ್ನು ಅವಲಂಬಿಸಿದೆ. ಡಿಕ್ಕಿಯ ಬಲವನ್ನು ಹೊರುವುದು ಆ ತಗಡಲ್ಲ. ಅದರ ಹಿಂದಿರುವ ಕಂಬಗಳು, ಹೊಸ್ತಿಲ ತೊಲೆಗಳು, ಬಾಗಿಲೊಳಗಿನ ಅಡ್ಡಪಟ್ಟಿ. ಇವುಗಳಲ್ಲಿ ಮುಖ್ಯವಾದವನ್ನು ಬೋರಾನ್ ಸೇರಿಸಿದ ಉಕ್ಕನ್ನು ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ತಣಿಸಿ ತಯಾರಿಸುತ್ತಾರೆ. ಅದರ ಬಲ ಸುಮಾರು 1,500 ಮೆಗಾಪ್ಯಾಸ್ಕಲ್, ಎಂದರೆ ಹೊರ ತಗಡಿನ ಹಲವು ಪಟ್ಟು. ಕಾರಿನ ಮುಂಭಾಗವಂತೂ ನುಜ್ಜುಗುಜ್ಜಾಗಲೆಂದೇ ರಚನೆಯಾಗಿರುತ್ತದೆ. ಮುಂದಿನ ಮತ್ತು ಹಿಂದಿನ ಭಾಗ ಕುಸಿಯುತ್ತ ಬಲವನ್ನು ನುಂಗಬೇಕು, ನಡುವಿನ ಕೋಣೆ ಮಾತ್ರ ಅಲುಗದೆ ಉಳಿಯಬೇಕು ಎಂಬ ಈ ವಿಚಾರವನ್ನು ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಮಾಡಿಸಿದ್ದರು.

ದಪ್ಪ ತಗಡಿನ ಮೇಲಿನ ನಂಬಿಕೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್ 2009ರಲ್ಲಿ ನೇರವಾಗಿಯೇ ಪರೀಕ್ಷಿಸಿತು. 1959ರ ಷೆವ್ರೊಲೆ ಬೆಲ್ ಏರ್ ಕಾರನ್ನು 2009ರ ಷೆವ್ರೊಲೆ ಮಾಲಿಬುವಿನೊಡನೆ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ, ಎರಡರ ಚಾಲಕನ ಬದಿಗಳು ಎದುರುಬದುರಾಗುವಂತೆ ಡಿಕ್ಕಿ ಹೊಡೆಸಿದರು. ಉದ್ದನೆಯ ಬಾನೆಟ್ಟಿನ ಬೆಲ್ ಏರ್‌ನಲ್ಲಿ ಸ್ಟಿಯರಿಂಗೂ ಡ್ಯಾಶ್‌ಬೋರ್ಡೂ ಚಾಲಕನ ಜಾಗಕ್ಕೇ ನುಗ್ಗಿದವು, ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಮಾಲಿಬುವಿನ ಚಾಲಕನಿಗೆ ಕಾಲಿಗೆ ಸಣ್ಣ ಗಾಯದ ಸಾಧ್ಯತೆಯಷ್ಟೇ ಕಂಡಿತು. ಆದ್ದರಿಂದ ಸುರಕ್ಷತೆಯ ಪ್ರಶ್ನೆಗೆ ಹೆಬ್ಬೆರಳನ್ನು ಬಿಟ್ಟು ಡಿಕ್ಕಿ ಪರೀಕ್ಷೆಯ ವರದಿಯನ್ನು ಕೇಳಿ. ಯೂರೊ ಎನ್‌ಕ್ಯಾಪ್, ಗ್ಲೋಬಲ್ ಎನ್‌ಕ್ಯಾಪ್, ಐಐಎಚ್‌ಎಸ್ ಇವುಗಳ ಫಲಿತಾಂಶವನ್ನು ನೋಡುವಾಗ ಒಂದು ಎಚ್ಚರ ಬೇಕು: ಒಂದೇ ಹೆಸರಿನ ಕಾರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸಂಖ್ಯೆಯ ಏರ್‌ಬ್ಯಾಗ್‌ಗಳೊಂದಿಗೆ, ಕೆಲವೊಮ್ಮೆ ಬೇರೆಯದೇ ಒಳರಚನೆಯೊಂದಿಗೆ ಮಾರಾಟವಾಗುತ್ತದೆ. ಪರೀಕ್ಷೆಗೆ ಹೋದದ್ದು ನಿಮಗೆ ಸಿಗುವ ಕಾರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಬಾಗಿಲಿನ ಸದ್ದು ಕೂಡ ರೂಪಿಸಿದ ಸದ್ದು. ಚಿಲಕದ ಆಕಾರ, ಒಂದರ ಬದಲು ಎರಡು ಸುತ್ತಿನ ರಬ್ಬರ್, ತಗಡಿನ ಒಳಬದಿಗೆ ಅಂಟಿಸಿದ ಕಂಪನ ತಡೆಯುವ ಹಾಳೆ, ಇವುಗಳಿಂದ ಆ ಗಂಭೀರ ನಾದ ಬರುತ್ತದೆ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದೂಳು ಮತ್ತು ಗದ್ದಲ ಒಳಗೆ ಬಾರದಂತೆ ಅದು ತಡೆಯುತ್ತದೆ, ಕಾರಿನಲ್ಲಿ ಕೂರುವ ಸುಖ ಹೆಚ್ಚುತ್ತದೆ. ಆದರೆ ಅದೇ ಕಾಳಜಿ ಎಂಜಿನ್ನಿನ ತಂತಿಗಳವರೆಗೂ ಹರಿದಿದೆ ಎಂದು ಊಹಿಸುವುದು ತಪ್ಪು. 1997ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಇದಕ್ಕೆ ಒಳ್ಳೆಯ ನಿದರ್ಶನ. ಬಿಡಿ ತಗಡುಗಳ ನಡುವಿನ ಕಿರಿದಾದ ಸಂದು, ಒಳಾಂಗಣದ ನಯ ಇವುಗಳಲ್ಲಿ ಅದು ತನ್ನ ವರ್ಗದ ಉಳಿದ ಕಾರುಗಳನ್ನು ಬಹಳ ಹಿಂದೆ ಹಾಕಿತ್ತು. ಅದೇ ಕಾರಿನ ಕಿಟಕಿ ಏರಿಳಿಸುವ ಯಂತ್ರದ ಪ್ಲಾಸ್ಟಿಕ್ ಕ್ಲಿಪ್ಪುಗಳು ಮುರಿದು ಗಾಜು ಬಾಗಿಲೊಳಕ್ಕೆ ಬೀಳುವುದು ಸಾಮಾನ್ಯ ದೂರಾಯಿತು. 2001ರಿಂದ 2003ರ ನಡುವೆ ತಯಾರಾದ ಫೋಕ್ಸ್‌ವ್ಯಾಗನ್ ಸಮೂಹದ ಅನೇಕ ಕಾರುಗಳಲ್ಲಿ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್‌ಗಳು ಎಷ್ಟು ಕೆಟ್ಟವೆಂದರೆ ಕಂಪನಿಯೇ ಅವನ್ನು ಸಾಮೂಹಿಕವಾಗಿ ಬದಲಿಸಿಕೊಡಬೇಕಾಯಿತು. ಅಂದ ಹಾಗೆ, ಒಳಾಂಗಣದ ಗುಂಡಿಗಳಿಗೂ ಹಿಡಿಗಳಿಗೂ ಬಳಿಯುವ ಮೆತ್ತನೆಯ ರಬ್ಬರಿನಂಥ ಲೇಪ ಬಿಸಿಲಿಗೆ ಕೆಲವು ವರ್ಷಗಳಲ್ಲೇ ಅಂಟಂಟಾಗುವುದನ್ನು ದುಬಾರಿ ಕಾರುಗಳಲ್ಲಿ ಬಹಳ ನೋಡಿದ್ದೇನೆ. ಷೋರೂಮಿನಲ್ಲಿ ಅಗ್ಗವೆನಿಸುವ ಗಟ್ಟಿ ಪ್ಲಾಸ್ಟಿಕ್ ಹತ್ತು ವರ್ಷವಾದರೂ ಹಾಗೆಯೇ ಇರುತ್ತದೆ.

ಹಾಗಾದರೆ ಕಟ್ಟುವಿಕೆಯಲ್ಲಿ ನೋಡಬೇಕಾದದ್ದು ಏನು? ಬಾನೆಟ್, ಬಾಗಿಲು, ಹಿಂಬದಿಯ ಮುಚ್ಚಳ ಇವುಗಳ ಸಂದು ಎರಡೂ ಬದಿಯಲ್ಲಿ ಒಂದೇ ಅಳತೆಯಲ್ಲಿದೆಯೇ ನೋಡಿ. ಸಂದು ಕಿರಿದಾಗಿರುವುದಕ್ಕಿಂತ ಸಮನಾಗಿರುವುದು ಮುಖ್ಯ, ಏಕೆಂದರೆ ಕಾರ್ಖಾನೆಯ ಅಳತೆಯ ಶಿಸ್ತು ಅಲ್ಲಿ ಕಾಣುತ್ತದೆ. ಕೆಳಗೆ ಬಗ್ಗಿ ತಳದ ಬೆಸುಗೆಗಳ ಮೇಲೆ ಸೀಲರ್ ಸರಿಯಾಗಿ ಹಚ್ಚಿದ್ದಾರೆಯೇ, ಚಕ್ರದ ಗೂಡಿಗೆ ಪೂರ್ತಿ ಹೊದಿಕೆ ಇದೆಯೇ, ಬಾನೆಟ್ ಎತ್ತಿದಾಗ ತಂತಿಗಳ ಕಟ್ಟು ಬಿಸಿಯಾಗುವ ಭಾಗಗಳಿಂದ ದೂರವಿದ್ದು ಗಟ್ಟಿಯಾಗಿ ಕಟ್ಟಲ್ಪಟ್ಟಿದೆಯೇ ಎಂದು ನೋಡಿ. ದೇಹದ ಉಕ್ಕಿಗೆ ತುಕ್ಕು ತಡೆಯುವ ಸತುವಿನ ಲೇಪವಿದೆಯೇ ಎಂದು ಕೇಳಿ. ಹನ್ನೆರಡು ವರ್ಷ ಇಟ್ಟುಕೊಳ್ಳುವವರಿಗೆ ಇವು ಮುಖ್ಯ.

ಇನ್ನು ವಿಶ್ವಾಸಾರ್ಹತೆ. ‘ಜಪಾನಿನ ಎಂಜಿನ್ ಕೆಡುವುದೇ ಇಲ್ಲ’ ಎಂಬ ನಿಮ್ಮ ಬಾವನ ಮಾತಿನಲ್ಲಿ ದಶಕಗಳ ಅನುಭವದ ಸತ್ಯಾಂಶವಿದೆ, ಆದರೆ ಅದನ್ನು ನಿಯಮವೆಂದು ಹಿಡಿದರೆ ಎಡವುತ್ತೀರಿ. ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2015ರಲ್ಲಿ ಹ್ಯುಂಡೈ ಕಂಪನಿ ಅಮೆರಿಕದಲ್ಲಿ ಸುಮಾರು 4,70,000 ಸೊನಾಟಾ ಕಾರುಗಳನ್ನು ದೋಷ ಸರಿಪಡಿಸಲೆಂದು ಹಿಂದಕ್ಕೆ ಕರೆಸಿತು (ಇದನ್ನೇ ರೀಕಾಲ್ ಎನ್ನುತ್ತಾರೆ). ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಕೊರೆಯುವಾಗ ಉಳಿದ ಲೋಹದ ಚೂರುಗಳು ಎಣ್ಣೆಯ ದಾರಿಗೆ ಅಡ್ಡಬಂದು, ಬೇರಿಂಗ್ ಸುಟ್ಟು, ಎಂಜಿನ್ ನಿಂತುಹೋಗುವ ಅಪಾಯವಿತ್ತು. 2024ರಲ್ಲಿ ಟೊಯೋಟಾ ಅದೇ ದೇಶದಲ್ಲಿ 2022–23ರ ಮಾದರಿಯ ಸುಮಾರು ಒಂದು ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳನ್ನು ಹಿಂದಕ್ಕೆ ಕರೆಸಿತು. ಅಲ್ಲಿಯೂ ಕಾರಣ, ತಯಾರಿಕೆಯಲ್ಲಿ ಎಂಜಿನ್ನಿನೊಳಗೆ ಉಳಿದುಹೋದ ಲೋಹದ ಚೂರುಗಳು. ಹೆಸರಿನಲ್ಲಿ ಅಷ್ಟೊಂದು ಅಂತರವಿದ್ದ ಎರಡು ಕಂಪನಿಗಳು ಒಂದೇ ಬಗೆಯ ದೋಷಕ್ಕೆ ಸಿಕ್ಕಿಬಿದ್ದವು. ಇತ್ತ ಕಟ್ಟುವಿಕೆಯಲ್ಲಿ ಎರಡನೆಯ ಮಾತೇ ಇಲ್ಲದ ಪೋರ್ಷೆಯ 911 ಮತ್ತು ಬಾಕ್ಸ್‌ಟರ್ ಕಾರುಗಳ ಎಂಜಿನ್ನಿನಲ್ಲಿ, 1990ರ ದಶಕದ ಕೊನೆಯಿಂದ 2000ದ ದಶಕದ ನಡುವಿನವರೆಗೆ, ನಡುಶಾಫ್ಟಿನ ಒಂದು ಸಣ್ಣ ಬೇರಿಂಗ್ ಒಡೆದು ಇಡೀ ಎಂಜಿನ್ ಹಾಳಾಗುವ ದೌರ್ಬಲ್ಯವಿತ್ತು.

ಬ್ರ್ಯಾಂಡಿನ ಹೆಸರಿಗೂ ಒಳಗಿರುವ ಯಂತ್ರಕ್ಕೂ ಇರುವ ನಂಟು ಈಗ ಇನ್ನೂ ಸಡಿಲ. ಟೊಯೋಟಾ ಜಿಆರ್ ಸುಪ್ರಾದ ಎಂಜಿನ್ ಬಿಎಂಡಬ್ಲ್ಯುದು, ಜಿಆರ್ 86 ಕಾರಿನದು ಸುಬಾರುವಿನದು. ಬಾಷ್, ಡೆನ್ಸೊ, ಐಸಿನ್, ಝಡ್‌ಎಫ್‌ನಂಥ ಸರಬರಾಜು ಕಂಪನಿಗಳ ಭಾಗಗಳು ಪರಸ್ಪರ ಸ್ಪರ್ಧಿಸುವ ಕಾರುಗಳೆಲ್ಲದರಲ್ಲೂ ಕೂತಿರುತ್ತವೆ. ತಕಾತಾ ಕಂಪನಿಯ ಏರ್‌ಬ್ಯಾಗುಗಳ ಪ್ರಕರಣ ಇದನ್ನು ಬಹಳ ದುಃಖದ ರೀತಿಯಲ್ಲಿ ತೋರಿಸಿಕೊಟ್ಟಿತು. ಅವುಗಳೊಳಗಿನ ಅಮೋನಿಯಂ ನೈಟ್ರೇಟ್ ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದು ಕ್ಷೀಣಿಸಿ, ಬ್ಯಾಗು ಉಬ್ಬುವ ಹೊತ್ತಿಗೆ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಒಳಗಿದ್ದವರಿಗೆ ತಗುಲಿ ಸಾವುಗಳಾದವು. ಹೋಂಡಾ, ಟೊಯೋಟಾ, ಬಿಎಂಡಬ್ಲ್ಯು, ಫೋರ್ಡ್ ಎಂಬ ಭೇದವಿಲ್ಲದೆ ಜಗತ್ತಿನಾದ್ಯಂತ ಕೋಟಿಗಟ್ಟಲೆ ಏರ್‌ಬ್ಯಾಗುಗಳನ್ನು ಬದಲಿಸಬೇಕಾಯಿತು. 2017ರಲ್ಲಿ ತಕಾತಾ ದಿವಾಳಿ ಎದ್ದಿತು. ನೀವು ನೋಡುತ್ತಿರುವ ಹಳೆಯ ಕಾರಾಗಲಿ ಹೊಸದಾಗಲಿ, ಚಾಸಿ ಸಂಖ್ಯೆಯನ್ನು ಕೊಟ್ಟು ಬಾಕಿ ಇರುವ ರೀಕಾಲ್ ಯಾವುದಾದರೂ ಇದೆಯೇ ಎಂದು ಪರೀಕ್ಷಿಸುವುದನ್ನು ಮರೆಯಬೇಡಿ.

ಹಾಗೆಂದು ಬ್ರ್ಯಾಂಡಿನ ಹೆಸರು ಪೂರ್ತಿ ಟೊಳ್ಳೆಂದು ನಾನು ಒಪ್ಪುವುದಿಲ್ಲ. ಕಂಪನಿಯ ಕೆಲಸದ ಪದ್ಧತಿ ನಿಜವಾದ ವ್ಯತ್ಯಾಸ ಮಾಡುತ್ತದೆ, ಅದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಕಳಪೆ ಗುಣಮಟ್ಟಕ್ಕೂ ಗೈರುಹಾಜರಿಗೂ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಅದು ಟೊಯೋಟಾದ ಪಾಲುದಾರಿಕೆಯಲ್ಲಿ ನುಮ್ಮಿ ಎಂಬ ಹೆಸರಿನಿಂದ ಮತ್ತೆ ತೆರೆಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ದೋಷ ಕಂಡ ಕೂಡಲೇ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಜೋಡಣೆಯ ಸಾಲನ್ನು ನಿಲ್ಲಿಸಬಹುದೆಂಬ ಪದ್ಧತಿ ಬಂದ ಮೇಲೆ ಅಲ್ಲಿಂದ ಹೊರಬಂದ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಹತ್ತಿರಕ್ಕೆ ಏರಿತು. ಅದೇ ಕಾರ್ಖಾನೆಯಲ್ಲಿ ಟೊಯೋಟಾ ಕೊರೊಲಾವೂ, ಹೆಚ್ಚುಕಡಿಮೆ ಅದೇ ಯಂತ್ರವಿದ್ದ, ಜನರಲ್ ಮೋಟರ್ಸ್ ಮಾರುತ್ತಿದ್ದ ಜಿಯೊ ಪ್ರಿಝ್ಮ್ ಎಂಬ ಕಾರೂ ತಯಾರಾಗುತ್ತಿದ್ದವು. ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಕೊರೊಲಾಗೆ ಹೆಚ್ಚು ಬೆಲೆ, ಪ್ರಿಝ್ಮ್‌ಗೆ ಕಡಿಮೆ. ವಿಷಯ ಬಲ್ಲವರು ಪ್ರಿಝ್ಮ್ ಕೊಂಡು ಲಾಭ ಮಾಡಿಕೊಂಡರು. ನನ್ನ ತೀರ್ಮಾನವೂ ಇದೇ ದಿಕ್ಕಿನದು: ಹೆಸರನ್ನು ಆರಂಭದ ಸುಳಿವೆಂದು ಇಟ್ಟುಕೊಳ್ಳಿ, ತೀರ್ಪನ್ನು ಎಂಜಿನ್, ಗೇರ್‌ಬಾಕ್ಸ್, ತಯಾರಾದ ವರ್ಷ ಈ ಮೂರರ ಜೋಡಣೆಯ ಮೇಲೆ ಕೊಡಿ. ಒಂದೇ ಕಂಪನಿಯ ಎರಡು ಎಂಜಿನ್‌ಗಳ ನಡುವೆ ಇರುವ ಅಂತರ ಎರಡು ಕಂಪನಿಗಳ ಸರಾಸರಿಯ ನಡುವಿನ ಅಂತರಕ್ಕಿಂತ ದೊಡ್ಡದಾಗಿರುವುದು ಅಪರೂಪವಲ್ಲ.

ಸಮೀಕ್ಷೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುವುದು ಅವು ಬೇರೆ ಬೇರೆ ಸಂಗತಿಗಳನ್ನು ಅಳೆಯುವುದರಿಂದ. ಅಮೆರಿಕದ ಸಮೀಕ್ಷಾ ಸಂಸ್ಥೆ ಜೆ.ಡಿ. ಪವರ್‌ನ ಆರಂಭಿಕ ಗುಣಮಟ್ಟದ ಸಮೀಕ್ಷೆ ಕೊಂಡ ಮೊದಲ 90 ದಿನಗಳದ್ದು. ಅದರದೇ ಬಾಳಿಕೆಯ ಸಮೀಕ್ಷೆ ಮೂರು ವರ್ಷವಾದ ಕಾರುಗಳದ್ದು. ಎರಡರಲ್ಲೂ 100 ಕಾರುಗಳಿಗೆ ಎಷ್ಟು ತೊಂದರೆ ಎಂದು ಎಣಿಸುತ್ತಾರೆ, ಮತ್ತು ಆ ಎಣಿಕೆಯಲ್ಲಿ ಫೋನು ಬ್ಲೂಟೂತ್‌ಗೆ ಸೇರದಿರುವುದೂ ಗೇರ್‌ಬಾಕ್ಸ್ ಕೆಟ್ಟಿರುವುದೂ ಒಂದೊಂದು ತೊಂದರೆಯೇ. ಪರದೆ, ಧ್ವನಿ ಆದೇಶ, ಫೋನು ಜೋಡಣೆ ಇವುಗಳ ದೂರುಗಳೇ ಈಚಿನ ವರ್ಷಗಳಲ್ಲಿ ದೊಡ್ಡ ಪಾಲು. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ತನ್ನ ಸದಸ್ಯರ ಉತ್ತರಗಳಿಂದ ಲೆಕ್ಕ ಹಾಕುವಾಗ ಎಂಜಿನ್, ಗೇರ್‌ಬಾಕ್ಸ್‌ಗಳ ದೋಷಕ್ಕೆ ಹೆಚ್ಚು ತೂಕ ಕೊಡುತ್ತದೆ, ಆದ್ದರಿಂದ ನಿಮ್ಮಂಥವರಿಗೆ ಅದು ಹೆಚ್ಚು ಉಪಯುಕ್ತ. ಜರ್ಮನಿಯ ವಾಹನ ತಪಾಸಣಾ ಸಂಸ್ಥೆ ಟ್ಯೂಫ್‌ನ ವರದಿಯು ಕಡ್ಡಾಯ ತಪಾಸಣೆಯಲ್ಲಿ ಸಿಕ್ಕ ದೋಷಗಳನ್ನು, ಎಂದರೆ ಬ್ರೇಕು, ದೀಪ, ಸಸ್ಪೆನ್ಷನ್, ಎಣ್ಣೆ ಸೋರಿಕೆ ಇಂಥವನ್ನು ಎಣಿಸುತ್ತದೆ. ಕಾಲಕಾಲಕ್ಕೆ ಅಧಿಕೃತ ಸರ್ವಿಸ್ ಕಾಣುವ ದುಬಾರಿ ಕಾರುಗಳು ಅಲ್ಲಿ ಸಹಜವಾಗಿ ಮೇಲೇರುತ್ತವೆ. ತಪಾಸಣೆಗೆ ಮೊದಲೇ ಎಷ್ಟು ಖರ್ಚು ಮಾಡಿ ಕಾರನ್ನು ಸರಿಪಡಿಸಿದರು ಎಂಬುದು ಅಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು: ಜೆ.ಡಿ. ಪವರ್‌ನ ಎಣಿಕೆಯಲ್ಲಿ ಒಂದು ಬ್ರ್ಯಾಂಡಿಗೆ 190, ಇನ್ನೊಂದಕ್ಕೆ 210 ಅಂಕ ಬಂದರೆ ಪಟ್ಟಿಯಲ್ಲಿ ನಡುವೆ ಹತ್ತು ಸ್ಥಾನ ಇರಬಹುದು, ಆದರೆ ಅರ್ಥ ಇಷ್ಟೇ: ಒಂದು ಕಾರಿಗೆ ಸರಾಸರಿ 1.9 ತೊಂದರೆ, ಇನ್ನೊಂದಕ್ಕೆ 2.1. ಮಾಲೀಕರಿಗೆ ಅದು ತಿಳಿಯುವಷ್ಟು ದೊಡ್ಡ ವ್ಯತ್ಯಾಸವಲ್ಲ.

ಈಗ ನಿಮ್ಮ ಬಳಕೆಗೆ ಬರೋಣ, ಏಕೆಂದರೆ ಕಾರು ಕೆಡುವುದು ಅದನ್ನು ಓಡಿಸುವ ಪರಿಸ್ಥಿತಿಯಲ್ಲಿ. ವರ್ಷಕ್ಕೆ 15,000 ಕಿ.ಮೀ. ಲೆಕ್ಕದಲ್ಲಿ ಹನ್ನೆರಡು ವರ್ಷಕ್ಕೆ 1,80,000 ಕಿ.ಮೀ. ಆಗುತ್ತದೆ. ಒಳ್ಳೆಯ ಎಂಜಿನ್‌ಗೆ ಇದು ದೊಡ್ಡ ದೂರವಲ್ಲ. ಆದರೆ ನಗರದ ದಟ್ಟಣೆಯಲ್ಲಿ ಎಂಜಿನ್ ತಿರುಗುವ ಗಂಟೆಗಳು ಕಿಲೋಮೀಟರುಗಳಿಗಿಂತ ಬಹಳ ಹೆಚ್ಚು, ಗಾಳಿಯ ಹರಿವು ಕಡಿಮೆ, ನಿಲ್ಲುವ ಹೊರಡುವ ಸಂಖ್ಯೆ ಅಪಾರ. ಇದರ ಹೊರೆ ಮೊದಲು ಬೀಳುವುದು ಗೇರ್‌ಬಾಕ್ಸಿನ ಮೇಲೆ.

ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ಯಂತ್ರಗಳಿವೆ, ಮತ್ತು ನಿಮ್ಮ ಆಯ್ಕೆಯಲ್ಲಿ ಬ್ರ್ಯಾಂಡಿಗಿಂತ ಇದೇ ಹೆಚ್ಚು ನಿರ್ಣಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ. ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುತ್ತದೆ. ಆಮೆವೇಗದಲ್ಲಿ ತೆವಳುವಾಗ ಉಜ್ಜಿ ಸವೆಯುವ ತಟ್ಟೆ ಅಲ್ಲಿಲ್ಲ. ದಟ್ಟಣೆಗೆ ಅದು ಒಗ್ಗುತ್ತದೆ. ಎರಡು ಕ್ಲಚ್‌ಗಳು ಸರದಿಯಂತೆ ಹಿಡಿಯುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು ಹೆದ್ದಾರಿಯಲ್ಲಿ ಬಲು ಚುರುಕು, ಆದರೆ ಅದರ ಒಣ ಕ್ಲಚ್ಚಿನ ಬಗೆಯಲ್ಲಿ ತೆವಳುವ ಪ್ರತಿ ಕ್ಷಣವೂ ಕ್ಲಚ್ ಅರೆಬರೆ ಹಿಡಿದು ಬಿಸಿಯಾಗುತ್ತದೆ. ಈ ಬಗೆಯದೇ ಆದ ಫೋರ್ಡ್‌ನ ಪವರ್‌ಶಿಫ್ಟ್ ಗೇರ್‌ಬಾಕ್ಸು ಫಿಯೆಸ್ಟಾ ಮತ್ತು ಫೋಕಸ್ ಕಾರುಗಳಲ್ಲಿ ನಡುಕ, ಜಾರುವಿಕೆಗಳಿಗೆ ಹೆಸರಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಫೋಕ್ಸ್‌ವ್ಯಾಗನ್ 2013ರಲ್ಲಿ ತನ್ನ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ (ಅದರ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಹೆಸರು) ಇರುವ ಸುಮಾರು 16 ಲಕ್ಷ ಕಾರುಗಳಲ್ಲಿ ಸಿಂಥೆಟಿಕ್ ಎಣ್ಣೆಯನ್ನು ತೆಗೆದು ಮಿನರಲ್ ಎಣ್ಣೆ ತುಂಬಿಸಬೇಕಾಯಿತು. ಸೆಕೆ, ತೇವ, ನಿಂತು ಹೊರಡುವ ಸಂಚಾರ ಇವು ಸೇರಿದಾಗ ಅದರ ವಿದ್ಯುತ್ ಭಾಗ ಕೆಡುತ್ತಿತ್ತು. ಎಣ್ಣೆಯಲ್ಲಿ ಮುಳುಗಿದ ಒದ್ದೆ ಕ್ಲಚ್ಚಿನ ಬಗೆ ಶಾಖವನ್ನು ಹೆಚ್ಚು ತಾಳುತ್ತದೆ. ಮೂರನೆಯದು ಸಿವಿಟಿ, ಎಂದರೆ ಹಂತಹಂತದ ಗೇರುಗಳ ಬದಲು ಬೆಲ್ಟಿನ ಮೂಲಕ ಬಲ ಸಾಗಿಸುವ ಬಗೆ. ಇಲ್ಲಿಯೂ ಎಲ್ಲವೂ ಒಂದೇ ಅಲ್ಲ: ಜಪಾನಿನ ನಿಸಾನ್ ತನ್ನ 2003–2010ರ ಮಾದರಿಗಳ ಸಿವಿಟಿಗೆ ಅಮೆರಿಕದಲ್ಲಿ ವಾರಂಟಿಯನ್ನು 10 ವರ್ಷಕ್ಕೆ ವಿಸ್ತರಿಸಬೇಕಾದ ಸ್ಥಿತಿ ಬಂತು, ಟೊಯೋಟಾ 2018ರಲ್ಲಿ ತಂದ ಸಿವಿಟಿಯಲ್ಲಿ ಹೊರಡುವಾಗಿನ ಹೊರೆಯನ್ನು ಬೆಲ್ಟಿನ ಬದಲು ನಿಜವಾದ ಹಲ್ಲಿನ ಗೇರೊಂದು ಹೊರುತ್ತದೆ.

ನಾಲ್ಕನೆಯದು ಹೈಬ್ರಿಡ್. ಎಂಜಿನ್ ಜೊತೆಗೆ ಮೋಟಾರು, ಬ್ಯಾಟರಿ ಎಲ್ಲ ಸೇರಿದರೆ ಕೆಡುವ ಭಾಗಗಳೂ ಹೆಚ್ಚುತ್ತವೆ ಎಂದು ಜನ ಅಂಜುತ್ತಾರೆ. 1997ರ ಪ್ರಿಯಸ್‌ನಿಂದ ನಡೆದುಬಂದ ಟೊಯೋಟಾ ಬಗೆಯ ಹೈಬ್ರಿಡ್‌ನಲ್ಲಿ ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಪ್ರತ್ಯೇಕ ಸ್ಟಾರ್ಟರೂ ಆಲ್ಟರ್ನೇಟರೂ ಇಲ್ಲ. ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ ಒಂದು ಗ್ರಹಗೇರಿನ ಜೋಡಣೆ ಮತ್ತು ಎರಡು ಮೋಟಾರುಗಳು ಆ ಕೆಲಸವನ್ನೆಲ್ಲ ಮಾಡುತ್ತವೆ. ಬ್ರೇಕಿನ ಪ್ಯಾಡುಗಳು ಕೂಡ ನಿಧಾನವಾಗಿ ಸವೆಯುತ್ತವೆ, ಏಕೆಂದರೆ ವೇಗ ತಗ್ಗಿಸುವ ಕೆಲಸದ ದೊಡ್ಡ ಪಾಲು ಮೋಟಾರಿನದು. ಕನ್ಸ್ಯೂಮರ್ ರಿಪೋರ್ಟ್ಸ್‌ನ 2023ರ ಸಮೀಕ್ಷೆಯಲ್ಲಿ ಹೈಬ್ರಿಡ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಕಾರುಗಳಿಗಿಂತ ಶೇ. 26ರಷ್ಟು ಕಡಿಮೆ ತೊಂದರೆ ಕಂಡಿತು. ಅದೇ ಸಮೀಕ್ಷೆಯಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಶೇ. 146ರಷ್ಟು ಹೆಚ್ಚು ತೊಂದರೆ. ಹೆಸರಿನ ಸಾಮ್ಯ ನೋಡಿ ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಎಂಜಿನ್ ವಿಷಯದಲ್ಲಿ ಎರಡು ಪ್ರಶ್ನೆ ಕೇಳಿ. ವಾಲ್ವುಗಳನ್ನು ಸಕಾಲಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್‌ಗೆ ಬೆಲ್ಟೋ ಚೈನೋ, ಬೆಲ್ಟಾದರೆ ಅದು ಎಣ್ಣೆಯಲ್ಲಿ ಓಡುವ ಒದ್ದೆ ಬೆಲ್ಟೇ? ಫೋರ್ಡ್‌ನ 1.0 ಲೀಟರ್ ಇಕೊಬೂಸ್ಟ್ ಎಂಜಿನ್ 2012ರಿಂದ 2014ರವರೆಗೆ ಸತತ ಮೂರು ವರ್ಷ ಅಂತರರಾಷ್ಟ್ರೀಯ ‘ವರ್ಷದ ಎಂಜಿನ್’ ಪ್ರಶಸ್ತಿ ಪಡೆದಿತ್ತು. ಆದರೆ ತಪ್ಪು ಎಣ್ಣೆ ಅಥವಾ ತಡವಾದ ಬದಲಾವಣೆಯಿಂದ ಅದರ ಬೆಲ್ಟಿನ ರಬ್ಬರ್ ಪುಡಿಯಾಗಿ, ಆ ಪುಡಿ ಎಣ್ಣೆ ಹೀರುವ ಜಾಲರಿಯನ್ನು ಕಟ್ಟಿ, ಎಂಜಿನ್ ಎಣ್ಣೆಯಿಲ್ಲದೆ ಸಾಯುವ ಪ್ರಕರಣಗಳು ವರ್ಷಗಳು ಕಳೆದ ಮೇಲೆ ಹೊರಬಂದವು. ಮುಂದಿನ ಆವೃತ್ತಿಗಳಲ್ಲಿ ಫೋರ್ಡ್ ಟೈಮಿಂಗ್‌ಗೆ ಚೈನನ್ನು ತಂದಿತು. ಪ್ರಶಸ್ತಿ ಕೊಡುವವರು ಹೊಸ ಎಂಜಿನ್ ಓಡಿಸಿ ನೋಡುತ್ತಾರೆ. ಏಳನೆಯ ವರ್ಷ ಅವರ ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ಪ್ರಶ್ನೆ, ಪೆಟ್ರೋಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ನೇ ಎಂಬುದು. ಹಾಗಿದ್ದರೆ ಒಳಬರುವ ವಾಲ್ವುಗಳ ಹಿಂಬದಿಯನ್ನು ತೊಳೆಯಲು ಇಂಧನವಿಲ್ಲದೆ ಮಸಿ ಕೂರುತ್ತದೆ, ನಗರದ ಓಡಾಟದಲ್ಲಿ ಇನ್ನೂ ಬೇಗ. ಸಿಲಿಂಡರಿನೊಳಕ್ಕೂ ವಾಲ್ವುಗಳ ಹಿಂಬದಿಗೂ ಸಿಂಪಡಿಸುವ ಎರಡೂ ಬಗೆಯ ಇಂಜೆಕ್ಟರ್ ಇರುವ ಎಂಜಿನ್‌ಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಕೆಡುವುದಷ್ಟೇ ಅಲ್ಲ, ಕೆಟ್ಟದ್ದನ್ನು ಸರಿಪಡಿಸುವುದು ಎಷ್ಟು ಕಷ್ಟ ಎಂಬುದೂ ಲೆಕ್ಕಕ್ಕೆ ಬರಬೇಕು. ಬಿಎಂಡಬ್ಲ್ಯುವಿನ ಎನ್47 ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನ್ ಸಡಿಲವಾಗುವುದು ಒಂದು ತೊಂದರೆಯಾದರೆ, ಆ ಚೈನನ್ನು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗೆ ಇಟ್ಟಿದ್ದು ಇನ್ನೊಂದು ತೊಂದರೆ. ಮುಂದಿದ್ದರೆ ಒಂದು ಮಟ್ಟದ ಕೆಲಸ, ಹಿಂದಿದ್ದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಿಯೇ ಆಗಬೇಕು.

ನಿಮ್ಮ ಮೂರು ಆಯ್ಕೆಗಳಲ್ಲಿ, ಜಪಾನಿನ ಕಾರು ಹೈಬ್ರಿಡ್ ಆಗಿದ್ದರೆ ನಿಮ್ಮ ಬಳಕೆಗೆ ನನ್ನ ಮೊದಲ ಆಯ್ಕೆ ಅದೇ. ಅದು ಟೊಯೋಟಾ ಬಗೆಯದೇ ಅಥವಾ ಬೇರೆ ರಚನೆಯದೇ ಎಂದು ಕೇಳಿ, ಮತ್ತು ಅದೇ ಎಂಜಿನ್ ಹಾಗೂ ಗೇರ್ ವ್ಯವಸ್ಥೆ ಕನಿಷ್ಠ ಎರಡು ಮೂರು ವರ್ಷಗಳಿಂದ ಮಾರುಕಟ್ಟೆಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಅಪಾಯಗಳೂ ಇವೆ: ಎಂಟು ಹತ್ತು ವರ್ಷದ ಬಳಿಕ ದೊಡ್ಡ ಬ್ಯಾಟರಿಯ ಖರ್ಚು ಬರಬಹುದು. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೀರುವ ಜಾಲರಿ ಇದ್ದರೆ ಅದನ್ನು ಸ್ವಚ್ಛವಾಗಿಡಬೇಕು, ಹಲವರು ಅದರ ಮೇಲೇ ಚೀಲ ಇಡುತ್ತಾರೆ. ಒಳಗೆ ಗದ್ದಲ ಸ್ವಲ್ಪ ಹೆಚ್ಚಿರಬಹುದು, ಅದು ನಿಮಗೆ ಒಪ್ಪಿಗೆಯೇ ಎಂದು ದೀರ್ಘ ಟೆಸ್ಟ್ ಡ್ರೈವ್‌ನಲ್ಲಿ ನಿರ್ಧರಿಸಿ. ಸಾಮಾನ್ಯ ಪೆಟ್ರೋಲ್ ಎಂಜಿನ್ನಾದರೆ ಗೇರ್‌ಬಾಕ್ಸು ಯಾವ ಬಗೆಯದೆಂದು ಮೇಲಿನ ಮಾತಿನೊಂದಿಗೆ ಹೋಲಿಸಿ ನೋಡಿ.

ಕೊರಿಯಾದ ಕಾರಿನ ಬಗ್ಗೆ ನನ್ನ ಹಿಂಜರಿಕೆ ಅದರ ದೇಶದ ಕಾರಣದಿಂದಲ್ಲ, ಅದು ಈಚೆಗಷ್ಟೇ ಬಂದದ್ದರಿಂದ. ಹೊಸ ಮಾದರಿಯ ಮೊದಲ ವರ್ಷದಲ್ಲಿ ಸರಬರಾಜುದಾರರ ಅಚ್ಚುಗಳು, ಜೋಡಣೆಯ ಕ್ರಮ, ಸಾಫ್ಟ್‌ವೇರ್ ಎಲ್ಲ ಇನ್ನೂ ತಿದ್ದುಪಡಿಯಾಗುತ್ತಿರುತ್ತವೆ. ವಾರಂಟಿ ವಿಭಾಗಕ್ಕೆ ಬರುವ ಭಾಗಗಳಲ್ಲಿ ಮೊದಲ ವರ್ಷದ ಪಾಲು ಸದಾ ಹೆಚ್ಚು. ಉದ್ದನೆಯ ವಾರಂಟಿ ಇದ್ದರೆ ಅದು ಖರ್ಚನ್ನು ತಡೆಯುತ್ತದೆ, ಕಾರು ಸರ್ವಿಸ್ ಕೇಂದ್ರದಲ್ಲಿ ಕೂರುವ ದಿನಗಳನ್ನಲ್ಲ. ಒಂದು ವರ್ಷ ಕಾಯುವುದು ಸಾಧ್ಯವಿದ್ದರೆ, ಮತ್ತು ಒದ್ದೆ ಕ್ಲಚ್ ಅಥವಾ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸು ಸಿಗುವುದಾದರೆ, ಈ ಕಾರನ್ನು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ. ಟರ್ಬೊ ಎಂಜಿನ್ನಿಗೆ ಕಂಪನಿ ಹೇಳಿದ ನಿರ್ದಿಷ್ಟ ದರ್ಜೆಯ ಎಣ್ಣೆಯನ್ನೇ ಹಾಕಿಸಿ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಬರೆದಿರುತ್ತಾರೆ. ನಿಮ್ಮ ದಟ್ಟಣೆಯ ಓಡಾಟ ಕಠಿಣ ಬಳಕೆಯೇ.

ಹಳೆಯ ಜರ್ಮನ್ ಕಾರು ಮೂರರಲ್ಲಿ ಅತಿ ಹೆಚ್ಚು ಸುಖ ಕೊಡುವ ಕಾರು, ಮತ್ತು ಅತಿ ಹೆಚ್ಚು ಹಣಕಾಸಿನ ಅಪಾಯದ ಕಾರು. ಮೂರು ವರ್ಷದ ಕಾರನ್ನು ಹನ್ನೆರಡು ವರ್ಷ ಇಟ್ಟುಕೊಂಡರೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ರಬ್ಬರ್ ಬುಷ್, ಪ್ಲಾಸ್ಟಿಕ್ಕಿನ ಕೂಲಂಟ್ ಕೊಳವೆ, ಸೆನ್ಸರುಗಳು ಎಲ್ಲ ವಯಸ್ಸಿಗೆ ಬರುವ ಕಾಲ ಅದು. ನೆನಪಿಡಿ, ಕಾರಿನ ಬೆಲೆ ಇಳಿದಿದ್ದರೂ ಅದರ ಬಿಡಿಭಾಗಗಳ ಬೆಲೆ ಹೊಸ ಕಾರಿನದೇ. ಆದರೂ ಮನಸ್ಸು ಅಲ್ಲೇ ಇದ್ದರೆ, ರಾತ್ರಿಯಿಡೀ ನಿಂತ ತಣ್ಣನೆಯ ಎಂಜಿನ್ನನ್ನು ನಿಮ್ಮ ಎದುರಲ್ಲೇ ಸ್ಟಾರ್ಟ್ ಮಾಡಿಸಿ, ಮೊದಲ ಕೆಲವು ಸೆಕೆಂಡುಗಳಲ್ಲಿ ಚೈನಿನ ಗಲಗಲ ಕೇಳುತ್ತದೆಯೇ ಗಮನಿಸಿ. ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಂದ ಸ್ಕ್ಯಾನರ್ ಹಾಕಿಸಿ ಎಲ್ಲ ಘಟಕಗಳ ದೋಷ ಸಂಕೇತಗಳನ್ನು ಓದಿಸಿ. ಬಣ್ಣದ ದಪ್ಪ ಅಳೆಸಿ: ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್, ಎಲ್ಲಾದರೂ ಅದರ ಹಲವು ಪಟ್ಟು ಬಂದರೆ ಅಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ. ಗೇರ್‌ಬಾಕ್ಸಿನ ಎಣ್ಣೆ ‘ಜೀವಮಾನದ್ದು’ ಎಂದು ಮಾರುವವರು ಹೇಳಿದರೆ ನಂಬಬೇಡಿ. ಆ ಗೇರ್‌ಬಾಕ್ಸುಗಳಲ್ಲಿ ಅನೇಕವನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಎಣ್ಣೆ ಬದಲಿಸಲು ಹೇಳುತ್ತದೆ.

ಮೂರರಲ್ಲಿ ಯಾವುದನ್ನೇ ಆರಿಸಿ, ಕೊಳ್ಳುವ ಮೊದಲು ಎಂಜಿನ್ನಿನ ಸಂಕೇತನಾಮವನ್ನು ಬರೆದುಕೊಂಡು, ಅದೇ ಎಂಜಿನ್ ಇರುವ ಐದಾರು ವರ್ಷದ ಕಾರುಗಳನ್ನು ರಿಪೇರಿ ಮಾಡುವ ಇಬ್ಬರು ಮೆಕ್ಯಾನಿಕ್‌ಗಳನ್ನು ಮಾತನಾಡಿಸಿ. ‘ಈ ಕಂಪನಿ ಹೇಗೆ’ ಎಂದು ಕೇಳಿದರೆ ಅಭಿಪ್ರಾಯ ಸಿಗುತ್ತದೆ. ‘ಈ ಎಂಜಿನ್ನಿನಲ್ಲಿ ಒಂದು ಲಕ್ಷ ಕಿ.ಮೀ. ಆದಮೇಲೆ ಏನನ್ನು ಬದಲಿಸುತ್ತೀರಿ’ ಎಂದು ಕೇಳಿದರೆ ಮಾಹಿತಿ ಸಿಗುತ್ತದೆ.

ವಾರಂಟಿ ವಿಸ್ತರಣೆಯ ಬಗ್ಗೆ ಕೇಳಿದ್ದೀರಿ. ಜಪಾನಿನ ಹೈಬ್ರಿಡ್‌ಗೆ ಬ್ಯಾಟರಿಯ ಮೂಲ ವಾರಂಟಿ ಎಂಟು ವರ್ಷದಷ್ಟಿದ್ದರೆ ಬೇರೆ ವಿಸ್ತರಣೆ ಅಗತ್ಯವೆನಿಸುವುದಿಲ್ಲ. ಟರ್ಬೊ ಎಂಜಿನ್ನೂ ಡ್ಯುಯಲ್ ಕ್ಲಚ್ಚೂ ಸೇರಿದ ಕಾರಿಗೆ, ಮತ್ತು ಜರ್ಮನ್ ಕಾರಿಗಂತೂ, ಕಾರು ತಯಾರಿಸಿದ ಕಂಪನಿಯೇ ಕೊಡುವ ವಿಸ್ತರಣೆಯನ್ನು ಕೊಳ್ಳುವುದು ಒಳ್ಳೆಯದು. ಮೂರನೆಯವರು ಮಾರುವ ಪಾಲಿಸಿಯನ್ನು ಅಲ್ಲ. ಸಹಿ ಹಾಕುವ ಮೊದಲು ಸಣ್ಣ ಅಕ್ಷರಗಳಲ್ಲಿ ಮೂರು ಸಂಗತಿ ಹುಡುಕಿ: ಕ್ಲಚ್ ತಟ್ಟೆಗಳನ್ನು ಸವೆಯುವ ಭಾಗವೆಂದು ಹೊರಗಿಟ್ಟಿದ್ದಾರೆಯೇ, ಗೇರ್‌ಬಾಕ್ಸಿನ ವಿದ್ಯುತ್ ಘಟಕ ಸೇರಿದೆಯೇ, ಸರ್ವಿಸ್ ಒಂದು ತಿಂಗಳು ತಡವಾದರೆ ವಾರಂಟಿ ರದ್ದಾಗುತ್ತದೆಯೇ. ಈ ಮೂರಕ್ಕೂ ಬರಹದಲ್ಲಿ ತೃಪ್ತಿಕರ ಉತ್ತರ ಸಿಗದಿದ್ದರೆ ಆ ಹಣವನ್ನು ಬೇರೆಯಾಗಿ ಎತ್ತಿಟ್ಟು, ಐದನೆಯ ವರ್ಷದ ಗೇರ್‌ಬಾಕ್ಸ್ ಎಣ್ಣೆ, ಕೂಲಂಟ್, ಬುಷ್‌ಗಳ ಬದಲಾವಣೆಗೆ ಬಳಸಿಕೊಳ್ಳಿ.